ಹಳೆಯ ಹಾಲಿವುಡ್‌ನ ಕಪ್ಪು-ಬಿಳುಪು ಸಿನಿಮಾ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವುದು 1920ರ ದಶಕದಿಂದ 1960ರ ದಶಕದ ಆರಂಭದವರೆಗೆ ಹಾಲಿವುಡ್‌ನಲ್ಲಿ ತಯಾರಾದ ಕಪ್ಪು-ಬಿಳುಪು ಚಿತ್ರಗಳ ಮಾತು. ಹೊಸದಾಗಿ ನೋಡಲು ಕೂತವರು ಕೇಳುವ ಪ್ರಶ್ನೆಗಳೇ ಜಾಸ್ತಿ. ಈಗಾಗಲೇ ಹುಚ್ಚು ಹಿಡಿಸಿಕೊಂಡವರಿಗೂ ಒಂದೆರಡು ಸಂಗತಿ ಸಿಗಬಹುದು.

ಇದುವರೆಗೆ ಒಂದೂ ನೋಡಿಲ್ಲ. ಯಾವುದರಿಂದ ಶುರು ಮಾಡಲಿ?

'ಟ್ವೆಲ್ವ್ ಆ್ಯಂಗ್ರಿ ಮೆನ್' (1957). ನನ್ನ ಉತ್ತರ ಯಾವಾಗಲೂ ಇದೇ. 96 ನಿಮಿಷ. ಹೆಚ್ಚುಕಡಿಮೆ ಇಡೀ ಚಿತ್ರ ಒಂದೇ ಕೋಣೆಯಲ್ಲಿ ನಡೆಯುತ್ತದೆ. ಅಪ್ಪನನ್ನು ಕೊಂದ ಆರೋಪ ಹೊತ್ತ ಹುಡುಗನೊಬ್ಬನ ಹಣೆಬರಹವನ್ನು ಹನ್ನೆರಡು ಜನ ಜ್ಯೂರಿಗಳು ನಿರ್ಧರಿಸಬೇಕು. ಹನ್ನೊಂದು ಜನ 'ತಪ್ಪಿತಸ್ಥ' ಅನ್ನುತ್ತಾರೆ. ಹೆನ್ರಿ ಫೋಂಡಾ ಒಬ್ಬನೇ 'ಸ್ವಲ್ಪ ಮಾತಾಡೋಣ' ಅನ್ನುತ್ತಾನೆ. ಅಷ್ಟೇ ಕಥೆ. ಆದರೆ ಹತ್ತು ನಿಮಿಷ ಕಳೆಯುವುದರೊಳಗೆ ಬಣ್ಣ ಇಲ್ಲ ಅನ್ನುವುದೇ ಮರೆತುಹೋಗುತ್ತದೆ.

ಎರಡನೇ ಸಲ ನೋಡುವಾಗ ಕ್ಯಾಮೆರಾ ಎಲ್ಲಿದೆ ಅಂತ ಗಮನಿಸಿ. ಮೊದಲ ಭಾಗದಲ್ಲಿ ಅದು ಕಣ್ಣಿನ ಮಟ್ಟಕ್ಕಿಂತ ಮೇಲಿರುತ್ತದೆ. ಚರ್ಚೆ ಬಿಸಿಯಾದ ಹಾಗೆ ಕೆಳಗಿಳಿಯುತ್ತದೆ. ಲೆನ್ಸ್ ಕೂಡ ಬದಲಾಗುತ್ತಾ ಹೋಗುತ್ತದೆ. ಗೋಡೆಗಳು ಹತ್ತಿರ ಬಂದಂತೆ, ಮೇಲಿನ ಚಾವಣಿ ತಲೆಯ ಮೇಲೆ ಕೂತಂತೆ ಅನ್ನಿಸುತ್ತದೆ. ನಿರ್ದೇಶಕ ಸಿಡ್ನಿ ಲುಮೆಟ್‌ಗೆ ಇದು ಮೊದಲ ಸಿನಿಮಾ ಅಂದರೆ ನಂಬುವುದು ಕಷ್ಟ. ಇದರ ಎಳೆ ಕನ್ನಡಕ್ಕೂ ಬಂದಿದೆ. 2012ರ 'ದಶಮುಖ' ಇದನ್ನೇ ಆಧರಿಸಿದ್ದು.

ಅದಾದ ಮೇಲೆ 'ಇಟ್ ಹ್ಯಾಪನ್ಡ್ ಒನ್ ನೈಟ್' (1934) ನೋಡಿ. ಮನೆ ಬಿಟ್ಟು ಓಡಿಬಂದ ಶ್ರೀಮಂತರ ಮಗಳು, ಕೆಲಸ ಕಳೆದುಕೊಂಡ ಪತ್ರಕರ್ತ, ಇಬ್ಬರೂ ಒಂದೇ ಬಸ್ಸಿನಲ್ಲಿ. ಉತ್ತಮ ಚಿತ್ರ, ನಿರ್ದೇಶಕ, ನಟ, ನಟಿ, ಚಿತ್ರಕಥೆ, ಈ ಐದೂ ಮುಖ್ಯ ಆಸ್ಕರ್‌ಗಳನ್ನು ಗೆದ್ದ ಮೊದಲ ಚಿತ್ರ ಇದು. ರಾಜ್ ಕಪೂರ್-ನರ್ಗಿಸ್ ಜೋಡಿಯ 'ಚೋರಿ ಚೋರಿ' (1956) ನೋಡಿದವರಿಗೆ ಕಥೆ ತಕ್ಷಣ ಗುರುತು ಸಿಗುತ್ತದೆ.

ಎಲ್ಲರೂ 'ಸಿಟಿಜನ್ ಕೇನ್' ಅನ್ನುತ್ತಾರೆ. ಅದನ್ನೇ ಮೊದಲು ನೋಡಬಾರದಾ?

ನೋಡಬಹುದು, ಆದರೆ ನಾನು ಹೇಳುವುದಿಲ್ಲ. 'ಜಗತ್ತಿನ ಅತಿ ದೊಡ್ಡ ಚಿತ್ರ' ಅನ್ನುವ ಹೊರೆ ತಲೆಯ ಮೇಲಿಟ್ಟುಕೊಂಡು ಕೂತರೆ ಯಾವ ಸಿನಿಮಾವೂ ರುಚಿಸುವುದಿಲ್ಲ. ಐದಾರು ಹಳೆಯ ಚಿತ್ರಗಳನ್ನು ನೋಡಿ, ಆಗಿನ ಕಾಲದ ಸಾಮಾನ್ಯ ರೀತಿ ಏನು ಅಂತ ಕಣ್ಣಿಗೆ ಅಭ್ಯಾಸವಾದ ಮೇಲೆ ಕೇನ್‌ಗೆ ಬನ್ನಿ. ಆಗ ಆರ್ಸನ್ ವೆಲ್ಸ್ 1941ರಲ್ಲಿ ಎಷ್ಟು ಧೈರ್ಯ ಮಾಡಿದ್ದ ಅನ್ನುವುದು ಗೊತ್ತಾಗುತ್ತದೆ. ಚಿತ್ರೀಕರಣದ ಹೊತ್ತಿಗೆ ಅವನಿಗೆ ಇಪ್ಪತ್ತೈದು ವಯಸ್ಸು.

ಛಾಯಾಗ್ರಾಹಕ ಗ್ರೆಗ್ ಟೋಲಂಡ್ ಮಾಡಿದ ಕೆಲಸ ನೋಡಿ. ಹತ್ತಿರದ ಮುಖವೂ ಸ್ಪಷ್ಟ, ದೂರದ ಕಿಟಕಿಯಾಚೆ ಹಿಮದಲ್ಲಿ ಆಡುವ ಹುಡುಗನೂ ಸ್ಪಷ್ಟ. ಒಳಗೆ ದೊಡ್ಡವರು ಕಾಗದಕ್ಕೆ ಸಹಿ ಹಾಕುತ್ತಿದ್ದಾರೆ, ಹೊರಗೆ ಏನೂ ಗೊತ್ತಿಲ್ಲದೆ ಹುಡುಗ ಆಡುತ್ತಿದ್ದಾನೆ. ಒಂದೇ ಚೌಕಟ್ಟಿನಲ್ಲಿ ಎರಡೂ ಇರುವುದಕ್ಕೇ ಹೊಟ್ಟೆ ಕಿವುಚಿದಂತಾಗುತ್ತದೆ. ಈ ಚಿತ್ರಕ್ಕೆ ಒಂಬತ್ತು ಆಸ್ಕರ್ ನಾಮನಿರ್ದೇಶನ ಸಿಕ್ಕವು. ಗೆದ್ದದ್ದು ಒಂದೇ, ಚಿತ್ರಕಥೆಗೆ.

ಆಗ ಬಣ್ಣ ಇರಲಿಲ್ಲ, ಅದಕ್ಕೇ ಕಪ್ಪು-ಬಿಳುಪಿನಲ್ಲಿ ತೆಗೆದರು. ಅಷ್ಟೇ ಅಲ್ವಾ?

ಅಷ್ಟೇ ಅಲ್ಲ. ಮೂರು ಫಿಲಂ ಪಟ್ಟಿಗಳಲ್ಲಿ ಬಣ್ಣ ಹಿಡಿಯುವ ಟೆಕ್ನಿಕಲರ್ ವಿಧಾನದಲ್ಲಿ ಪೂರ್ತಿ ತೆಗೆದ ಮೊದಲ ಕಥಾಚಿತ್ರ 'ಬೆಕಿ ಶಾರ್ಪ್' ಬಂದದ್ದು 1935ರಲ್ಲೇ. 'ಗಾನ್ ವಿತ್ ದಿ ವಿಂಡ್' 1939ರದ್ದು. ಅಂದರೆ ಅದಾದ ಮೇಲೂ ಇಪ್ಪತ್ತೈದು ವರ್ಷ ಕಪ್ಪು-ಬಿಳುಪು ಚಿತ್ರಗಳು ಬಣ್ಣದ ಜೊತೆಜೊತೆಗೇ ಬಂದವು.

ಖರ್ಚು ಒಂದು ಕಾರಣ, ನಿಜ. ಟೆಕ್ನಿಕಲರ್ ಕ್ಯಾಮೆರಾ ಭಾರಿ ಗಾತ್ರದ್ದು. ಅದಕ್ಕೆ ವಿಪರೀತ ಬೆಳಕು ಬೇಕಿತ್ತು. ಕ್ಯಾಮೆರಾವನ್ನು ಕಂಪನಿಯಿಂದಲೇ ಬಾಡಿಗೆಗೆ ತರಬೇಕಿತ್ತು. ಆದರೆ ಎಷ್ಟೋ ನಿರ್ದೇಶಕರು ಬೇಕೆಂದೇ ಕಪ್ಪು-ಬಿಳುಪನ್ನು ಆರಿಸಿಕೊಂಡರು. ಬಿಲ್ಲಿ ವೈಲ್ಡರ್ 'ಸಮ್ ಲೈಕ್ ಇಟ್ ಹಾಟ್' (1959) ಮಾಡುವಾಗ ಮರಿಲಿನ್ ಮನ್ರೋಗೆ ಬಣ್ಣವೇ ಬೇಕಿತ್ತು. ಪರೀಕ್ಷೆಗೆ ತೆಗೆದು ನೋಡಿದಾಗ, ಹೆಣ್ಣುವೇಷ ಹಾಕಿದ ಟೋನಿ ಕರ್ಟಿಸ್ ಮತ್ತು ಜ್ಯಾಕ್ ಲೆಮನ್ ಅವರ ಮೇಕಪ್ ಹಸಿರು ಹಸಿರಾಗಿ ಕಾಣಿಸಿತು. ಮನ್ರೋ ಒಪ್ಪಿಕೊಂಡರು. ಹಿಚ್‌ಕಾಕ್ 'ಸೈಕೋ' (1960) ತೆಗೆಯುವಾಗ ರಕ್ತದ ಬದಲು ಚಾಕೊಲೇಟ್ ಸಿರಪ್ ಬಳಸಿದರು. ಕಪ್ಪು-ಬಿಳುಪಿನಲ್ಲಿ ಅದು ರಕ್ತಕ್ಕಿಂತ ರಕ್ತದಂತೆ ಕಾಣುತ್ತದೆ.

ಆಸ್ಕರ್ ಸಮಿತಿ ಕೂಡ ಇವೆರಡನ್ನೂ ಬೇರೆ ಬೇರೆ ಕಲೆ ಅಂತಲೇ ನೋಡಿತ್ತು. 1939ರಿಂದ ಛಾಯಾಗ್ರಹಣಕ್ಕೆ ಎರಡು ಪ್ರಶಸ್ತಿ ಕೊಡುತ್ತಿದ್ದರು, ಬಣ್ಣಕ್ಕೊಂದು, ಕಪ್ಪು-ಬಿಳುಪಿಗೊಂದು. ಕೊನೆಯ ಕಪ್ಪು-ಬಿಳುಪು ಪ್ರಶಸ್ತಿ 1966ರ 'ಹೂ ಈಸ್ ಅಫ್ರೇಡ್ ಆಫ್ ವರ್ಜೀನಿಯಾ ವುಲ್ಫ್?' ಚಿತ್ರಕ್ಕೆ ಹೋಯಿತು. ಅಷ್ಟರಲ್ಲಿ ಅಮೆರಿಕದ ಟಿವಿ ಬಣ್ಣಕ್ಕೆ ತಿರುಗಿತ್ತು. ಟಿವಿಗೆ ಮಾರಲು ಬಣ್ಣವೇ ಬೇಕು ಅಂತಾದ ಮೇಲೆ ಸ್ಟುಡಿಯೋಗಳು ಕಪ್ಪು-ಬಿಳುಪನ್ನು ಕೈಬಿಟ್ಟವು.

ಆ ಮುಖಗಳು ಅಷ್ಟೊಂದು ಹೊಳೆಯುವುದು ಹೇಗೆ?

ನನಗೆ ಅತಿ ಇಷ್ಟವಾದ ಪ್ರಶ್ನೆ ಇದು.

ಮೊದಲು ಫಿಲಂ ವಿಷಯ. ಮೂಕಿ ಕಾಲದ ಆರ್ಥೋಕ್ರೊಮ್ಯಾಟಿಕ್ ಫಿಲಂಗೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ. ಕೆಂಪು ತುಟಿ ಕಪ್ಪಾಗುತ್ತಿತ್ತು. ನೀಲಿ ಆಕಾಶ ಬರೀ ಬಿಳಿಯಾಗುತ್ತಿತ್ತು. ನೀಲಿ ಕಣ್ಣಿನವರ ಕಣ್ಣು ಪಿಶಾಚಿಯ ಕಣ್ಣಿನ ಹಾಗೆ ಬೆಳ್ಳಗೆ ಬರುತ್ತಿತ್ತು. ಮೂಕಿ ನಟರ ವಿಚಿತ್ರ ಮೇಕಪ್‌ಗೆ ಇದೇ ಕಾರಣ. 1920ರ ದಶಕದ ಕೊನೆಗೆ ಎಲ್ಲ ಬಣ್ಣಗಳನ್ನೂ ಗ್ರಹಿಸುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲಂ ರೂಢಿಗೆ ಬಂತು. ಚರ್ಮ ಚರ್ಮದ ಹಾಗೆ ಕಾಣತೊಡಗಿತು. ಬೂದು ಬಣ್ಣದಲ್ಲೇ ನೂರು ಮೆಟ್ಟಿಲು ಸಿಕ್ಕವು.

ಆಮೇಲೆ ಬೆಳಕು. ಬಣ್ಣವಿಲ್ಲದಿದ್ದಾಗ ಕೂದಲನ್ನು ಹಿಂದಿನ ಗೋಡೆಯಿಂದ ಬೇರೆ ಮಾಡಿ ತೋರಿಸುವುದು ಹೇಗೆ? ಹಿಂದಿನಿಂದ ಒಂದು ದೀಪ ಬೇಕು. ಹಳೆಯ ಚಿತ್ರಗಳಲ್ಲಿ ನಾಯಕಿಯ ಕೂದಲ ಸುತ್ತ ಕಾಣುವ ಬೆಳ್ಳಿಯ ಅಂಚು ಬರುವುದು ಅಲ್ಲಿಂದ. ನಟಿ ಮಾರ್ಲೀನ್ ಡೀಟ್ರಿಚ್ ಮುಖಕ್ಕೆ ನಿರ್ದೇಶಕ ಜೋಸೆಫ್ ಫಾನ್ ಸ್ಟರ್ನ್‌ಬರ್ಗ್ ಎದುರಿನಿಂದ, ಎತ್ತರದಲ್ಲಿ ಮುಖ್ಯ ದೀಪ ಇಡಿಸಿದರು. ಕೆನ್ನೆಯ ಮೂಳೆ ಎದ್ದು ಕಂಡಿತು, ಮೂಗಿನ ಕೆಳಗೆ ಪುಟ್ಟ ಚಿಟ್ಟೆಯಂಥ ನೆರಳು ಬಿತ್ತು. ಇವತ್ತಿಗೂ ಸ್ಟುಡಿಯೋ ಫೋಟೋಗ್ರಾಫರ್‌ಗಳು 'ಬಟರ್‌ಫ್ಲೈ ಲೈಟಿಂಗ್' ಅನ್ನುವುದು ಇದನ್ನೇ. 'ಶಾಂಘೈ ಎಕ್ಸ್‌ಪ್ರೆಸ್' (1932) ಹಾಕಿ, ಎಲ್ಲಿ ಬೇಕಾದರೂ ನಿಲ್ಲಿಸಿ ನೋಡಿ.

ನಟಿ ಮರ್ಲ್ ಓಬೆರಾನ್ 1937ರಲ್ಲಿ ಲಂಡನ್ನಿನಲ್ಲಿ ಕಾರು ಅಪಘಾತಕ್ಕೆ ಸಿಕ್ಕಿ ಮುಖಕ್ಕೆ ಗಾಯ ಮಾಡಿಕೊಂಡಿದ್ದರು. ಮುಂದೆ ಛಾಯಾಗ್ರಾಹಕ ಲೂಸಿಯನ್ ಬ್ಯಾಲರ್ಡ್ ಆಕೆಗಾಗಿಯೇ ಕ್ಯಾಮೆರಾ ಲೆನ್ಸಿನ ಪಕ್ಕ ಒಂದು ಸಣ್ಣ ದೀಪ ಕೂರಿಸಿದರು. ನೇರವಾಗಿ ಬಿದ್ದ ಬೆಳಕಿನಲ್ಲಿ ಕಲೆಗಳು ಮಾಯ. ಆ ದೀಪಕ್ಕೆ ಆಕೆಯ ಹೆಸರಿನಿಂದಲೇ 'ಓಬಿ' ಅನ್ನುವ ಹೆಸರು ಬಿತ್ತು. ಇಬ್ಬರೂ 1945ರಲ್ಲಿ ಮದುವೆಯಾದರು.

ಹೀಗಾಗಿ 'ಆ ಕಾಲದವರು ಎಷ್ಟು ಚೆಂದ ಇದ್ದರು' ಅನ್ನುವಾಗ ದೀಪ ಹಿಡಿದವರನ್ನೂ ನೆನೆಯಬೇಕು. ಚಿತ್ರ ಶುರುವಾಗುವಾಗ ಛಾಯಾಗ್ರಾಹಕರ ಹೆಸರು ಓದಿಕೊಳ್ಳಿ. ಒಂದಿಷ್ಟು ಚಿತ್ರ ನೋಡಿದ ಮೇಲೆ ಹೆಸರು ಹೇಳದಿದ್ದರೂ ಅವರ ಕೈ ಗುರುತಾಗುತ್ತದೆ.

'ಕಾಸಾಬ್ಲಾಂಕಾ' ಅಂದರೆ ಜನ ಯಾಕೆ ಅಷ್ಟು ಕರಗುತ್ತಾರೆ?

ಪ್ರೇಮಕಥೆ ಚೆನ್ನಾಗಿದೆ, ಮಾತುಗಳು ಚೆನ್ನಾಗಿವೆ, ಹಂಫ್ರಿ ಬೊಗಾರ್ಟ್ ಮತ್ತು ಇಂಗ್ರಿಡ್ ಬರ್ಗ್‌ಮನ್ ಚೆನ್ನಾಗಿದ್ದಾರೆ. ಆದರೆ ನನ್ನ ಮಟ್ಟಿಗೆ ಅದರ ಜೀವ ಇರುವುದು ಸಣ್ಣ ಪಾತ್ರಗಳಲ್ಲಿ.

ಚಿತ್ರ ಮೊದಲು ತೆರೆಕಂಡದ್ದು 1942ರ ನವೆಂಬರ್‌ನಲ್ಲಿ, ನ್ಯೂಯಾರ್ಕಿನಲ್ಲಿ. ಯುದ್ಧ ನಡೆಯುತ್ತಲೇ ಇತ್ತು. ಕಥೆಯಲ್ಲಿ ಯುರೋಪ್ ಬಿಟ್ಟು ಓಡಿಬಂದವರು ಮೊರಾಕ್ಕೊದ ಒಂದು ಊರಿನಲ್ಲಿ ವೀಸಾಕ್ಕೆ ಕಾಯುತ್ತಿದ್ದಾರೆ. ಆ ಪಾತ್ರಗಳನ್ನು ಮಾಡಿದವರಲ್ಲಿ ಅನೇಕರು ನಿಜವಾಗಿಯೂ ಹಾಗೆ ಓಡಿಬಂದವರೇ. ನಾಜಿ ಅಧಿಕಾರಿಯ ಪಾತ್ರ ಮಾಡಿದ ಕಾನ್ರಾಡ್ ಫೈಟ್ ನಾಜಿಗಳನ್ನು ದ್ವೇಷಿಸಿ 1933ರಲ್ಲಿ ಜರ್ಮನಿ ಬಿಟ್ಟವರು. ಅವರ ಹೆಂಡತಿ ಯಹೂದಿ. ಜೂಜುಕಟ್ಟೆಯ ನೌಕರನಾಗಿ ಬರುವ ಮಾರ್ಸೆಲ್ ಡಾಲಿಯೊ ಫ್ರಾನ್ಸ್‌ನಲ್ಲಿ ದೊಡ್ಡ ನಟ. ಅವರೂ ಅವರ ಹೆಂಡತಿ ಮ್ಯಾಡ್ಲೀನ್ ಲಬೋ ಕೂಡ 1940ರಲ್ಲಿ ಪ್ಯಾರಿಸ್‌ನಿಂದ ತಪ್ಪಿಸಿಕೊಂಡು ಬಂದಿದ್ದರು.

ಈಗ ಆ ಹಾಡಿನ ದೃಶ್ಯ ನೋಡಿ. ಜರ್ಮನ್ ಅಧಿಕಾರಿಗಳು ತಮ್ಮ ಹಾಡು ಹಾಡುತ್ತಿದ್ದಾರೆ. ಎದುರಿಗೆ ವಾದ್ಯದವರು ಫ್ರಾನ್ಸ್‌ನ ರಾಷ್ಟ್ರಗೀತೆ 'ಮಾರ್ಸೆಯೇಸ್' ಶುರು ಮಾಡುತ್ತಾರೆ. ಇಡೀ ಸಭೆ ಎದ್ದು ನಿಂತು ಹಾಡುತ್ತದೆ. ಕಣ್ಣಲ್ಲಿ ನೀರು ತುಂಬಿಕೊಂಡು ಹಾಡುವ ಆ ಹುಡುಗಿಯೇ ಮ್ಯಾಡ್ಲೀನ್ ಲಬೋ. ಕ್ಯಾಮೆರಾ ಅವಳ ಮುಖದ ಮೇಲೆ ನಿಲ್ಲುವುದು ಕೆಲವೇ ಕ್ಷಣ. ನಾನು ಎಷ್ಟು ಸಲ ನೋಡಿದ್ದರೂ ಅಲ್ಲಿ ಗಂಟಲು ಕಟ್ಟುತ್ತದೆ.

ಇನ್ನೊಂದು ವಿಷಯ. ಪಿಯಾನೊ ನುಡಿಸುವ ಸ್ಯಾಮ್ ಆಗಿ ನಟಿಸಿದ ಡೂಲಿ ವಿಲ್ಸನ್‌ಗೆ ಪಿಯಾನೊ ಬರುತ್ತಿರಲಿಲ್ಲ. ಅವರು ಡ್ರಮ್ಸ್ ವಾದಕ. ಹಾಡಿದ್ದು ಮಾತ್ರ ಅವರೇ. 'ಪ್ಲೇ ಇಟ್ ಅಗೇನ್, ಸ್ಯಾಮ್' ಅನ್ನುವ ಪ್ರಸಿದ್ಧ ಮಾತು ಚಿತ್ರದಲ್ಲಿ ಎಲ್ಲೂ ಇಲ್ಲ. ಕ್ವಿಜ್‌ನಲ್ಲಿ ಕೇಳಿದರೆ ನೆನಪಿರಲಿ.

ಮೂಕಿ ಚಿತ್ರದಲ್ಲಿ ಜನ ಯಾಕೆ ತಟಪಟ ಅಂತ ಓಡುತ್ತಾರೆ?

ಆಗ ಕ್ಯಾಮೆರಾದ ಹಿಡಿಕೆಯನ್ನು ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ ಸುಮಾರು 16ರಿಂದ 20 ಚೌಕಟ್ಟು (ಫ್ರೇಮ್). ಮಾತಿನ ಚಿತ್ರ ಬಂದ ಮೇಲೆ 24 ಅಂತ ಗೊತ್ತುಮಾಡಿದರು. ನಿಧಾನವಾಗಿ ತೆಗೆದದ್ದನ್ನು ಆ ವೇಗದಲ್ಲಿ ಓಡಿಸಿದರೆ ಎಲ್ಲರೂ ಓಡಿದ ಹಾಗೆ ಕಾಣುತ್ತದೆ. ಒಳ್ಳೆಯ ಆವೃತ್ತಿಗಳಲ್ಲಿ ವೇಗ ಸರಿಪಡಿಸಿರುತ್ತಾರೆ. ಯೂಟ್ಯೂಬ್‌ನಲ್ಲಿ ಕೈಗೆ ಸಿಕ್ಕ ಪ್ರತಿ ನೋಡಿ 'ಮೂಕಿ ಚಿತ್ರ ಇಷ್ಟೇ' ಅಂತ ತೀರ್ಮಾನ ಮಾಡಬೇಡಿ.

ಚಾಪ್ಲಿನ್ ಮೇಲಾ, ಬಸ್ಟರ್ ಕೀಟನ್ ಮೇಲಾ?

ಇಬ್ಬರೂ ಬೇಕು. ಆದರೂ ನಮ್ಮ ಕಡೆ ಚಾಪ್ಲಿನ್ ಗೊತ್ತಿಲ್ಲದವರಿಲ್ಲ, ಕೀಟನ್ ಹೆಸರು ಕೇಳಿದವರೇ ಕಡಿಮೆ. ಅದಕ್ಕೇ ಕೀಟನ್ ಬಗ್ಗೆ ಎರಡು ಮಾತು ಜಾಸ್ತಿ.

ಕೀಟನ್ ಮುಖದಲ್ಲಿ ನಗು ಇರುವುದಿಲ್ಲ. ಎಂಥ ಆಪತ್ತು ಬಂದರೂ ಮುಖ ಕಲ್ಲು. ದೇಹ ಮಾತ್ರ ಎಲ್ಲವನ್ನೂ ಹೇಳುತ್ತದೆ. 'ಸ್ಟೀಮ್‌ಬೋಟ್ ಬಿಲ್ ಜೂನಿಯರ್' (1928) ಚಿತ್ರದಲ್ಲಿ ಬಿರುಗಾಳಿಗೆ ಒಂದು ಮನೆಯ ಇಡೀ ಮುಂಗೋಡೆ ಅವನ ಮೇಲೆ ಬೀಳುತ್ತದೆ. ಮೇಲಿನ ತೆರೆದ ಕಿಟಕಿ ಸರಿಯಾಗಿ ಅವನು ನಿಂತಲ್ಲೇ ಬಂದು ಕೂರುತ್ತದೆ, ಅವನು ಉಳಿಯುತ್ತಾನೆ. ಅದು ರಟ್ಟಿನ ಗೋಡೆ ಅಲ್ಲ, ನಿಜವಾದ ಭಾರದ ಗೋಡೆ. ಕೆಲವೇ ಅಂಗುಲ ತಪ್ಪಿದ್ದರೆ ಜೀವ ಹೋಗುತ್ತಿತ್ತು. 'ಶರ್ಲಾಕ್ ಜೂನಿಯರ್' (1924) 45 ನಿಮಿಷದ ಚಿತ್ರ. ಸಿನಿಮಾ ತೋರಿಸುವ ಹುಡುಗನೊಬ್ಬ ಕನಸಿನಲ್ಲಿ ಪರದೆಯೊಳಗೆ ನಡೆದುಹೋಗುತ್ತಾನೆ. ಮಕ್ಕಳ ಜೊತೆ ಕೂತು ನೋಡಲು ಇದಕ್ಕಿಂತ ಒಳ್ಳೆಯದು ಕಡಿಮೆ.

ಚಾಪ್ಲಿನ್ ಹಟದ ಮನುಷ್ಯ. ಎಲ್ಲರೂ ಮಾತಿನ ಚಿತ್ರಕ್ಕೆ ಹೋದ ಮೇಲೂ 1931ರಲ್ಲಿ 'ಸಿಟಿ ಲೈಟ್ಸ್' ಅನ್ನು ಮೂಕಿಯಾಗಿಯೇ ತೆಗೆದರು. ಸಂಗೀತ ತಾವೇ ಕೂರಿಸಿದರು. ಕುರುಡಿ ಹೂವಾಡಗಿತ್ತಿಯನ್ನು ಭೇಟಿಯಾಗುವ ಆ ಒಂದು ದೃಶ್ಯಕ್ಕೆ ನೂರಾರು ಟೇಕ್ ತೆಗೆದರು. ಅವರ ಮೊದಲ ಪೂರ್ಣ ಮಾತಿನ ಚಿತ್ರ 'ದಿ ಗ್ರೇಟ್ ಡಿಕ್ಟೇಟರ್' (1940). ಇಷ್ಟು ವರ್ಷ ಸುಮ್ಮನಿದ್ದವರು ಬಾಯಿ ತೆರೆದಾಗ ಹಿಟ್ಲರ್ ವಿರುದ್ಧ ತೆರೆದರು.

ತಾರೆಯರು ಸ್ಟುಡಿಯೋದ 'ಆಸ್ತಿ' ಆಗಿದ್ದರು ಅನ್ನುತ್ತಾರೆ. ನಿಜವಾ?

ಹೆಚ್ಚುಕಡಿಮೆ ನಿಜ. ಎಂಜಿಎಂ, ಪ್ಯಾರಾಮೌಂಟ್, ವಾರ್ನರ್, ಫಾಕ್ಸ್, ಆರ್‌ಕೆಓ, ಈ ಐದು ದೊಡ್ಡ ಕಂಪನಿಗಳು ಚಿತ್ರ ತಯಾರಿಸುತ್ತಿದ್ದವು, ಹಂಚುತ್ತಿದ್ದವು, ತಮ್ಮದೇ ಥಿಯೇಟರ್‌ಗಳಲ್ಲಿ ತೋರಿಸುತ್ತಿದ್ದವು. ನಟರಿಗೆ ಏಳು ವರ್ಷದ ಕರಾರು. ಕೊಟ್ಟ ಪಾತ್ರ ಮಾಡಬೇಕು. ಒಲ್ಲೆ ಅಂದರೆ ಸಂಬಳವಿಲ್ಲದೆ ಸಸ್ಪೆಂಡ್. ಹಾಗೆ ಸಸ್ಪೆಂಡ್ ಆದ ದಿನಗಳನ್ನು ಕರಾರಿನ ಕೊನೆಗೆ ಸೇರಿಸುತ್ತಿದ್ದರು. ಏಳು ವರ್ಷ ಮುಗಿಯುತ್ತಲೇ ಇರಲಿಲ್ಲ.

ಹೆಸರೂ ಅವರದೇ ಇಷ್ಟ. ಆರ್ಚಿಬಾಲ್ಡ್ ಲೀಚ್ ಕ್ಯಾರಿ ಗ್ರಾಂಟ್ ಆದ. ಲೂಸಿಲ್ ಲಸ್ಯೂರ್‌ಗೆ ಜೋನ್ ಕ್ರಾಫರ್ಡ್ ಅನ್ನುವ ಹೆಸರು ಸಿಕ್ಕಿದ್ದು ಪತ್ರಿಕೆಯೊಂದರ ಓದುಗರ ಸ್ಪರ್ಧೆಯಿಂದ. ಮುತ್ತುರಾಜ್ ರಾಜ್‌ಕುಮಾರ್ ಆದದ್ದನ್ನು ಕಂಡ ನಮಗೆ ಇದು ಹೊಸತೇನಲ್ಲ. ಆದರೆ ಅಲ್ಲಿ ಹೆಸರಿನ ಜೊತೆಗೆ ಕೂದಲು, ಹಲ್ಲು, ಊರು, ಪ್ರೇಮ ಎಲ್ಲವನ್ನೂ ಕಚೇರಿಯೇ ತೀರ್ಮಾನಿಸುತ್ತಿತ್ತು.

ಇದರ ವಿರುದ್ಧ ನಿಂತವರಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಹೇಳಲೇಬೇಕು. ಬೆಟ್ಟಿ ಡೇವಿಸ್ 1936ರಲ್ಲಿ ಕೆಟ್ಟ ಪಾತ್ರಗಳಿಂದ ಬೇಸತ್ತು ಇಂಗ್ಲೆಂಡಿಗೆ ಹೋದರು. ಅಲ್ಲಿನ ಕೋರ್ಟಿನಲ್ಲಿ ವಾರ್ನರ್ ಎದುರು ಸೋತರು. ಒಲಿವಿಯಾ ಡಿ ಹ್ಯಾವಿಲ್ಯಾಂಡ್ ಕ್ಯಾಲಿಫೋರ್ನಿಯಾದಲ್ಲೇ ಅದೇ ವಾರ್ನರ್ ಮೇಲೆ ಕೇಸು ಹಾಕಿ 1944ರಲ್ಲಿ ಗೆದ್ದರು. ಏಳು ವರ್ಷ ಅಂದರೆ ಕ್ಯಾಲೆಂಡರಿನ ಏಳು ವರ್ಷ, ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ ಅಂದಿತು ಕೋರ್ಟು. ಈಗಲೂ ಅದನ್ನು 'ಡಿ ಹ್ಯಾವಿಲ್ಯಾಂಡ್ ಕಾನೂನು' ಅಂತ ಕರೆಯುತ್ತಾರೆ. ಆಮೇಲೆ ಆಕೆ ಎರಡು ಆಸ್ಕರ್ ಗೆದ್ದರು. 104 ವರ್ಷ ಬಾಳಿ 2020ರಲ್ಲಿ ತೀರಿಕೊಂಡರು. ಆಕೆಯ 'ದಿ ಐರೆಸ್' (1949) ನೋಡಿ. ಕೊನೆಯಲ್ಲಿ ದೀಪ ಹಿಡಿದು ಮೆಟ್ಟಿಲು ಹತ್ತುವ ಅವಳ ಮುಖ ನೋಡಿದರೆ ಈ ಹೋರಾಟ ಯಾಕೆ ಬೇಕಿತ್ತು ಅನ್ನುವುದು ತಿಳಿಯುತ್ತದೆ.

ಮುತ್ತಿನ ದೃಶ್ಯವೆಲ್ಲ ಯಾಕೆ ಅಷ್ಟು ಚುಟುಕು? ಗಂಡ-ಹೆಂಡತಿಗೂ ಬೇರೆ ಬೇರೆ ಮಂಚ ಯಾಕೆ?

ಪ್ರೊಡಕ್ಷನ್ ಕೋಡ್ ಅನ್ನುವ ನಿಯಮಾವಳಿ. 1930ರಲ್ಲಿ ಬರೆದರು, 1934ರ ಜುಲೈಯಿಂದ ಬಿಗಿಯಾಗಿ ಜಾರಿಗೆ ತಂದರು, 1968ರಲ್ಲಿ ರೇಟಿಂಗ್ ಪದ್ಧತಿ ಬಂದ ಮೇಲೆ ಹೋಯಿತು. ಅಪರಾಧಿಗೆ ಶಿಕ್ಷೆ ಆಗಲೇಬೇಕು, ಮುತ್ತು ದೀರ್ಘವಾಗಿರಬಾರದು, ಹೀಗೆ ಉದ್ದದ ಪಟ್ಟಿ. ಹಿಚ್‌ಕಾಕ್ 'ನಟೋರಿಯಸ್' (1946) ಚಿತ್ರದಲ್ಲಿ ಕ್ಯಾರಿ ಗ್ರಾಂಟ್ ಮತ್ತು ಬರ್ಗ್‌ಮನ್ ಮುತ್ತಿಡುತ್ತಾರೆ, ಮಾತಾಡುತ್ತಾರೆ, ಮತ್ತೆ ಮುತ್ತಿಡುತ್ತಾರೆ, ಫೋನ್ ಮಾಡುತ್ತಾರೆ, ಮತ್ತೆ ಮುತ್ತು. ಒಂದೊಂದೂ ಚಿಕ್ಕದು, ಒಟ್ಟು ಸೇರಿ ಎರಡು ನಿಮಿಷಕ್ಕೂ ಜಾಸ್ತಿ. ನಿಯಮ ಮುರಿಯಲಿಲ್ಲ.

1934ಕ್ಕಿಂತ ಹಿಂದಿನ ಮಾತಿನ ಚಿತ್ರಗಳನ್ನು 'ಪ್ರೀ-ಕೋಡ್' ಅನ್ನುತ್ತಾರೆ. 'ಬೇಬಿ ಫೇಸ್' (1933) ನೋಡಿದರೆ ನಮ್ಮ ಅಜ್ಜ-ಅಜ್ಜಿಯ ಕಾಲದ ಸಿನಿಮಾ ಇಷ್ಟು ನೇರವಾಗಿ ಮಾತಾಡುತ್ತಿತ್ತಾ ಅಂತ ಬೆರಗಾಗುತ್ತದೆ.

ನುವಾರ್ ಚಿತ್ರ ಅಂದರೇನು? ಒಂದೇ ಒಂದು ನೋಡುವುದಾದರೆ?

1940ರ ದಶಕದ ಕತ್ತಲು ತುಂಬಿದ ಅಪರಾಧ ಕಥೆಗಳು. ಒದ್ದೆ ರಸ್ತೆ, ಕಿಟಕಿಯ ಪಟ್ಟಿಗಳಿಂದ ಗೆರೆ ಗೆರೆಯಾಗಿ ಬೀಳುವ ಬೆಳಕು, ತಪ್ಪು ಅಂತ ಗೊತ್ತಿದ್ದೇ ತಪ್ಪು ಮಾಡುವ ಮನುಷ್ಯ. ಒಂದೇ ನೋಡುವುದಾದರೆ ವೈಲ್ಡರ್‌ನ 'ಡಬಲ್ ಇಂಡೆಮ್ನಿಟಿ' (1944). ವಿಮೆ ಏಜೆಂಟ್, ಗಂಡನನ್ನು ಕೊಲ್ಲಿಸಲು ಹೊರಟ ಹೆಂಡತಿ, ಎಲ್ಲವನ್ನೂ ಮೂಗಿನಿಂದಲೇ ಪತ್ತೆಹಚ್ಚುವ ಹಿರಿಯ ಸಹೋದ್ಯೋಗಿ. ಮೊದಲ ಕೆಲವು ನಿಮಿಷದಲ್ಲೇ ನಾಯಕ 'ನಾನೇ ಕೊಂದೆ' ಅನ್ನುತ್ತಾನೆ. ಆದರೂ ಕೊನೆಯವರೆಗೆ ಕುತೂಹಲ ಇಳಿಯುವುದಿಲ್ಲ.

ಆ ಕಾಲದ ಹಾಲಿವುಡ್‌ನಲ್ಲಿ ನಮ್ಮವರು ಯಾರಾದರೂ ಇದ್ದರಾ?

ಇದ್ದರು! ಮೈಸೂರಿನ ಸಾಬು. ಹೆಗ್ಗಡದೇವನಕೋಟೆ ಕಡೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಹುಡುಗ. ಅಪ್ಪ ಮಾವುತ. ಅಪ್ಪ ತೀರಿಕೊಂಡ ಮೇಲೆ ಮೈಸೂರು ಮಹಾರಾಜರ ಆನೆ ಲಾಯದಲ್ಲಿ ಬೆಳೆಯುತ್ತಿದ್ದ. ಕಿಪ್ಲಿಂಗ್ ಕಥೆಯನ್ನು ಆಧರಿಸಿದ 'ಎಲಿಫೆಂಟ್ ಬಾಯ್' ಚಿತ್ರಕ್ಕಾಗಿ ರಾಬರ್ಟ್ ಫ್ಲಾಹರ್ಟಿ ತಂಡ ಮೈಸೂರಿಗೆ ಬಂದಾಗ ಅವರ ಕಣ್ಣಿಗೆ ಬಿದ್ದ. 1937ರಲ್ಲಿ ಬಿಡುಗಡೆಯಾದ ಆ ಚಿತ್ರ ಬ್ರಿಟಿಷ್ ಕಂಪನಿಯದ್ದು, ಕಪ್ಪು-ಬಿಳುಪಿನದು. ನಮ್ಮ ಕಾಡು, ನಮ್ಮ ಆನೆಗಳು, ಆನೆಯ ಮೇಲೆ ಹೆದರಿಕೆಯೇ ಇಲ್ಲದೆ ಕೂತ ಹುಡುಗ. ನಟನೆ ಕಲಿತವರಿಗೂ ಬಾರದ ಸಹಜತೆ ಆ ಮುಖದಲ್ಲಿದೆ. ಕ್ಯಾಮೆರಾ ನೋಡುತ್ತಿದೆ ಅನ್ನುವುದೇ ಅವನಿಗೆ ಗೊತ್ತಿಲ್ಲವೇನೋ ಅನ್ನಿಸುತ್ತದೆ.

ಆ ಒಂದು ಚಿತ್ರದಿಂದ ಲಂಡನ್ನಿಗೆ ಹೋದ. 'ದಿ ಥೀಫ್ ಆಫ್ ಬಾಗ್ದಾದ್' (1940) ಯುದ್ಧದ ಕಾರಣಕ್ಕೆ ಅಮೆರಿಕದಲ್ಲಿ ಮುಗಿಯಿತು, ಸಾಬು ಅಲ್ಲೇ ಉಳಿದ. 1942ರ 'ಜಂಗಲ್ ಬುಕ್' ಚಿತ್ರದಲ್ಲಿ ಅವನೇ ಮೌಗ್ಲಿ. 1944ರಲ್ಲಿ ಅಮೆರಿಕದ ಪೌರನಾದ. ಅಲ್ಲಿನ ವಾಯುಪಡೆ ಸೇರಿ ಬಾಂಬರ್ ವಿಮಾನದ ಹಿಂಬದಿಯ ಗನ್ನರ್ ಆಗಿ ಯುದ್ಧ ಮಾಡಿದ, ಪದಕ ಪಡೆದ. ವಾಪಸ್ ಬಂದಾಗ ಒಳ್ಳೆಯ ಪಾತ್ರಗಳು ಕಡಿಮೆಯಾಗಿದ್ದವು. ಹಾಲಿವುಡ್‌ಗೆ ಅವನು ಯಾವಾಗಲೂ ಕಾಡಿನ ಹುಡುಗನೇ. ದೊಡ್ಡವನಾದ ಸಾಬುವಿಗೆ ಏನು ಕೊಡಬೇಕು ಅಂತ ಅವರು ಯೋಚಿಸಲೇ ಇಲ್ಲ, ಅದು ನನಗೆ ಇವತ್ತಿಗೂ ಬೇಸರ ತರಿಸುತ್ತದೆ. 1963ರಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ 39 ವರ್ಷ. ಹಾಲಿವುಡ್ ವಾಕ್ ಆಫ್ ಫೇಮ್‌ನಲ್ಲಿ ಅವನ ಹೆಸರಿನ ನಕ್ಷತ್ರ ಇದೆ. ಮೈಸೂರಿನ ಮಕ್ಕಳಿಗೆ ಈ ಹೆಸರು ಗೊತ್ತಿರಬೇಕು.

ಮೇಲೆ ಹೇಳಿದ ಮರ್ಲ್ ಓಬೆರಾನ್ ಹುಟ್ಟಿದ್ದೂ ಮುಂಬೈಯಲ್ಲಿ, 1911ರಲ್ಲಿ. ಬೆಳೆದದ್ದು ಕಲ್ಕತ್ತೆಯಲ್ಲಿ. ಆದರೆ ತನ್ನಲ್ಲಿ ಭಾರತದ ರಕ್ತ ಇದೆ ಅಂತ ತಿಳಿದರೆ ಅವಕಾಶ ಹೋಗುತ್ತದೆ ಅನ್ನುವ ಭಯ. ಟ್ಯಾಸ್ಮೇನಿಯಾದಲ್ಲಿ ಹುಟ್ಟಿದ್ದು ಅಂತ ಬದುಕಿಡೀ ಹೇಳಿಕೊಂಡರು. 'ವದರಿಂಗ್ ಹೈಟ್ಸ್' (1939) ನೋಡುವಾಗ ಇದು ನೆನಪಿದ್ದರೆ ಆ ಮುಖ ಬೇರೆಯೇ ಕಾಣುತ್ತದೆ.

ಕಪ್ಪು ಜನರನ್ನು, ಏಷ್ಯಾದವರನ್ನು ಆ ಚಿತ್ರಗಳು ಕೆಟ್ಟದಾಗಿ ತೋರಿಸುತ್ತವಲ್ಲ?

ಹೌದು, ತೋರಿಸುತ್ತವೆ. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಬಿಳಿಯರು ಮತ್ತು ಕಪ್ಪು ಜನರ ನಡುವಿನ ಪ್ರೇಮ ತೋರಿಸುವುದನ್ನೇ ಕೋಡ್ ನಿಷೇಧಿಸಿತ್ತು. ಲಾಸ್ ಏಂಜಲೀಸ್‌ನಲ್ಲೇ ಹುಟ್ಟಿದ ಚೀನೀ ಮೂಲದ ನಟಿ ಆ್ಯನಾ ಮೇ ವಾಂಗ್‌ಗೆ 'ದಿ ಗುಡ್ ಅರ್ಥ್' (1937) ಚಿತ್ರದ ಚೀನೀ ನಾಯಕಿಯ ಪಾತ್ರ ಸಿಗಲಿಲ್ಲ. ಯುರೋಪಿನ ಲೂಯಿಸ್ ರೈನರ್ ಆ ಪಾತ್ರ ಮಾಡಿ ಆಸ್ಕರ್ ಪಡೆದರು. ವಾಂಗ್ ಎಂಥ ನಟಿ ಅಂತ ನೋಡಬೇಕಾದರೆ ಅದೇ 'ಶಾಂಘೈ ಎಕ್ಸ್‌ಪ್ರೆಸ್' ಸಾಕು. ಡೀಟ್ರಿಚ್ ಪಕ್ಕದಲ್ಲಿ ಸುಮ್ನೆ ಕೂತಿದ್ದರೂ ಕಣ್ಣು ಆಕೆಯ ಕಡೆಗೇ ಹೋಗುತ್ತದೆ. 2022ರಲ್ಲಿ ಅಮೆರಿಕದ ಕ್ವಾರ್ಟರ್ (25 ಸೆಂಟ್) ನಾಣ್ಯದ ಮೇಲೆ ಆಕೆಯ ಮುಖ ಬಂತು.

ಬ್ಲ್ಯಾಕ್‌ಲಿಸ್ಟ್ ಅಂದರೇನು?

1947ರಿಂದ ಕಮ್ಯುನಿಸ್ಟರು ಅನ್ನುವ ಅನುಮಾನದ ಮೇಲೆ ಚಿತ್ರರಂಗದವರಿಗೆ ಕೆಲಸ ತಪ್ಪಿಸಿದ್ದು. ಜೈಲಿಗೂ ಹೋಗಿಬಂದ ಬರಹಗಾರ ಡಾಲ್ಟನ್ ಟ್ರಂಬೊ 'ರೋಮನ್ ಹಾಲಿಡೇ' (1953) ಕಥೆಯನ್ನು ಗೆಳೆಯನ ಹೆಸರಿನಲ್ಲಿ ಕೊಟ್ಟರು. ಕಥೆಗೆ ಆಸ್ಕರ್ ಬಂತು, ಗೆಳೆಯನ ಹೆಸರಿಗೆ. ಟ್ರಂಬೊ ಹೆಸರಿಗೆ ಆ ಪ್ರಶಸ್ತಿ ಸಿಕ್ಕಿದ್ದು 1993ರಲ್ಲಿ, ಅವರು ತೀರಿಕೊಂಡು ಎಷ್ಟೋ ವರ್ಷದ ಮೇಲೆ.

ಬಣ್ಣ ಹಚ್ಚಿದ ಆವೃತ್ತಿ ಸಿಕ್ಕಿದೆ. ನೋಡಬಹುದಾ?

ದಯವಿಟ್ಟು ಬೇಡ. ಮೂಲ ಸಿಗದಿದ್ದರೆ ಮಾತ್ರ. ಬಣ್ಣ ಹಚ್ಚುವಾಗ ಕಂಪ್ಯೂಟರ್ ನೆರಳಿನ ಮೇಲೆ ಬಣ್ಣ ಬಳಿಯುತ್ತದೆ, ಆದರೆ ದೀಪಗಳನ್ನು ಇಟ್ಟದ್ದು ಬಣ್ಣಕ್ಕಾಗಿ ಅಲ್ಲವಲ್ಲ. 1980ರ ದಶಕದಲ್ಲಿ ಟೆಡ್ ಟರ್ನರ್ ಕಂಪನಿ 'ಕಾಸಾಬ್ಲಾಂಕಾ'ವನ್ನೂ ಸೇರಿಸಿ ಎಷ್ಟೋ ಚಿತ್ರಗಳಿಗೆ ಬಣ್ಣ ಹಚ್ಚಿತು. ನಿರ್ದೇಶಕರು ಸಿಡಿದೆದ್ದರು. 1988ರಲ್ಲಿ ಅಮೆರಿಕದ ಸಂಸತ್ತು ನ್ಯಾಷನಲ್ ಫಿಲಂ ರಿಜಿಸ್ಟ್ರಿ (ಕಾಪಾಡಬೇಕಾದ ಮುಖ್ಯ ಚಿತ್ರಗಳ ಪಟ್ಟಿ) ಶುರು ಮಾಡಲು ಆ ಜಗಳವೂ ಒಂದು ಕಾರಣ.

ನಮ್ಮಲ್ಲಿ 'ಸತ್ಯ ಹರಿಶ್ಚಂದ್ರ' 2008ರಲ್ಲಿ, 'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣ ಹೊತ್ತು ಥಿಯೇಟರಿಗೆ ಬಂದವು. ಜನ ಮುಗಿಬಿದ್ದು ನೋಡಿದರು. ಹೊಸ ತಲೆಮಾರಿಗೆ ತಲುಪಿತು ಅನ್ನುವ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೂ 1971ರ ಆ ಕಪ್ಪು-ಬಿಳುಪು ಪಾರಿವಾಳವೇ ನನಗೆ ಬೇಕು.

ಕೆಲವು ಚಿತ್ರಗಳು ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ಯಾಕೆ?

ಏಕೆಂದರೆ ಅವು ಈಗ ಇಲ್ಲವೇ ಇಲ್ಲ. 1950ರ ದಶಕದ ಆರಂಭದವರೆಗೆ ಬಳಸುತ್ತಿದ್ದ ನೈಟ್ರೇಟ್ ಫಿಲಂ ಬೇಗ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಂಡರೆ ನೀರು ಹಾಕಿದರೂ ಆರುವುದಿಲ್ಲ. ಹೊತ್ತದಿದ್ದರೂ ಡಬ್ಬಿಯಲ್ಲೇ ಕೊಳೆತು ಪುಡಿಯಾಗುತ್ತದೆ. 1937ರಲ್ಲಿ ನ್ಯೂಜೆರ್ಸಿಯ ಫಾಕ್ಸ್ ಗೋದಾಮಿಗೆ ಬೆಂಕಿ ಬಿದ್ದು ಆ ಕಂಪನಿಯ ಬಹುಪಾಲು ಮೂಕಿ ಚಿತ್ರಗಳು ಬೂದಿಯಾದವು. ಆ ಕಾಲದ ಮಹಾತಾರೆ ಥೀಡಾ ಬಾರಾ ನಟಿಸಿದ ಚಿತ್ರಗಳಲ್ಲಿ ಹೆಚ್ಚಿನವು ಅದರಲ್ಲೇ ಹೋದವು. ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಮೆರಿಕದ ಮೂಕಿ ಕಥಾಚಿತ್ರಗಳಲ್ಲಿ ಮೂಲ ರೂಪದಲ್ಲೇ ಪೂರ್ತಿಯಾಗಿ ಉಳಿದಿರುವುದು ಶೇ. 14 ಮಾತ್ರ.

ಈ ನೋವು ನಮಗೂ ಗೊತ್ತು. ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ' (1934) ಇವತ್ತು ನೋಡಲು ಸಿಗುವುದಿಲ್ಲ. ಅದೇ ವರ್ಷದ 'ಇಟ್ ಹ್ಯಾಪನ್ಡ್ ಒನ್ ನೈಟ್' ಮಾತ್ರ ಫೋನಿನಲ್ಲಿ ಸಿಗುತ್ತದೆ.

ಎಲ್ಲಿ ನೋಡಬೇಕು? ಹೇಗೆ ನೋಡಬೇಕು?

ಹಕ್ಕುಸ್ವಾಮ್ಯ ಮುಗಿದವು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಇವೆ. ಕೀಟನ್‌ನ 'ದಿ ಜನರಲ್', ಕ್ಯಾರಿ ಗ್ರಾಂಟ್‌ನ 'ಹಿಸ್ ಗರ್ಲ್ ಫ್ರೈಡೇ' ಅಲ್ಲಿವೆ. ಉಳಿದವು ಬಾಡಿಗೆಗೆ, ಇಲ್ಲವೇ ಡಿಸ್ಕ್‌ನಲ್ಲಿ ಸಿಗುತ್ತವೆ. ಬೆಂಗಳೂರಿನವರಿಗೆ ಬನಶಂಕರಿಯ ಸುಚಿತ್ರಾ ಫಿಲಂ ಸೊಸೈಟಿ ಇದೆ, 1971ರಿಂದ ನಡೆಯುತ್ತಿದೆ. ಹತ್ತಾರು ಜನರ ಜೊತೆ ಕತ್ತಲಲ್ಲಿ ಕೂತು ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ.

ಟಿವಿಯಲ್ಲಿ ನೋಡುವಾಗ ಎರಡು ಬದಿಗೆ ಕಪ್ಪು ಪಟ್ಟಿ ಇದ್ದರೆ ಇರಲಿ. ಆಗಿನ ಹೆಚ್ಚಿನ ಚಿತ್ರಗಳ ಚೌಕಟ್ಟು ಅಗಲ ಕಡಿಮೆ, 1.37ಕ್ಕೆ 1. ಅದನ್ನು ಎಳೆದು ಪರದೆ ತುಂಬಿಸಿದರೆ ಬರ್ಗ್‌ಮನ್ ಮುಖ ಚಪ್ಪಟೆಯಾಗುತ್ತದೆ. ಚಿತ್ರ ನುಣುಪು ಮಾಡುವ 'ಮೋಷನ್ ಸ್ಮೂದಿಂಗ್' ಆಫ್ ಮಾಡಿ. ಟಿವಿಯ ಬ್ರೈಟ್‌ನೆಸ್ ಸ್ವಲ್ಪ ತಗ್ಗಿಸಿ, ಕಪ್ಪು ಕಪ್ಪಾಗಿಯೇ ಇರಲಿ. ಸಬ್‌ಟೈಟಲ್ ಹಾಕಿಕೊಳ್ಳಲು ಸಂಕೋಚ ಬೇಡ. 'ಹಿಸ್ ಗರ್ಲ್ ಫ್ರೈಡೇ'ಯಲ್ಲಿ ಒಬ್ಬರ ಮಾತು ಮುಗಿಯುವ ಮುಂಚೆ ಇನ್ನೊಬ್ಬರು ಶುರು ಮಾಡುತ್ತಾರೆ. ಇಂಗ್ಲಿಷ್ ಮನೆಮಾತಾದವರಿಗೂ ಒಂದೊಂದು ಸಾಲು ತಪ್ಪಿಹೋಗುತ್ತದೆ.

ನಿಮ್ಮ ಅತಿ ಇಷ್ಟದ ತಾರೆ ಯಾರು?

ಬಾರ್ಬರಾ ಸ್ಟ್ಯಾನ್‌ವಿಕ್. ಯೋಚಿಸುವ ಅಗತ್ಯವೇ ಇಲ್ಲ.

ಹುಟ್ಟುಹೆಸರು ರೂಬಿ ಸ್ಟೀವನ್ಸ್. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಅನಾಥೆಯಾಗಿ, ಹದಿಹರೆಯದಲ್ಲೇ ಕುಣಿಯುವ ಕೆಲಸಕ್ಕೆ ಸೇರಿದ ಹುಡುಗಿ. ನಟಿ ಗ್ರೆಟಾ ಗಾರ್ಬೊಳಂಥ ದೈವಿಕ ಸೌಂದರ್ಯ ಇರಲಿಲ್ಲ. ಡೇವಿಸ್‌ಳಂತೆ ಅಬ್ಬರಿಸುತ್ತಲೂ ಇರಲಿಲ್ಲ. ಆದರೆ ಸುಳ್ಳು ಹೇಳುವಾಗಲೂ ಅವಳ ಕಣ್ಣಲ್ಲಿ ನಿಜ ಇರುತ್ತದೆ. ಮೇಲೆ ಹೇಳಿದ 'ಬೇಬಿ ಫೇಸ್' ಅವಳದೇ. 'ಡಬಲ್ ಇಂಡೆಮ್ನಿಟಿ'ಯ ಕೊಲೆಗಾತಿಯೂ ಅವಳೇ. 'ದಿ ಲೇಡಿ ಈವ್' (1941) ಚಿತ್ರದಲ್ಲಿ ಹಡಗಿನ ಊಟದ ಕೋಣೆಯಲ್ಲಿ ಕೂತು, ಕೈಗನ್ನಡಿಯಲ್ಲಿ ಹಿಂದಿನ ಮೇಜುಗಳನ್ನೆಲ್ಲ ನೋಡುತ್ತಾ, ಹೆನ್ರಿ ಫೋಂಡಾನ ಗಮನ ಸೆಳೆಯಲು ಒದ್ದಾಡುವ ಹೆಣ್ಣುಗಳ ಬಗ್ಗೆ ಒಬ್ಬಳೇ ವೀಕ್ಷಕ ವಿವರಣೆ ಕೊಡುತ್ತಾಳೆ. ಕೊನೆಗೆ ಅವನು ಹತ್ತಿರ ಬಂದಾಗ ಕಾಲು ಚಾಚಿ ಬೀಳಿಸುತ್ತಾಳೆ. ನಗು, ಆಸೆ, ಲೆಕ್ಕಾಚಾರ ಮೂರೂ ಒಂದೇ ಮುಖದಲ್ಲಿ. ನಾಲ್ಕು ಸಲ ಆಸ್ಕರ್‌ಗೆ ಹೆಸರು ಬಂದರೂ ಒಮ್ಮೆಯೂ ಗೆಲ್ಲಲಿಲ್ಲ. 1982ರಲ್ಲಿ ಗೌರವ ಪ್ರಶಸ್ತಿ ಕೊಟ್ಟರು.

ಅವಳ ಚಿತ್ರ ಒಂದೂ ನೋಡಿಲ್ಲ ಅಂದರೆ 'ದಿ ಲೇಡಿ ಈವ್'ನಿಂದ ಶುರು ಮಾಡಿ, ಆಮೇಲೆ 'ಬಾಲ್ ಆಫ್ ಫೈರ್', ಅದೂ 1941ರದ್ದೇ.